ರೀಚಾರ್ಜ್ ಎಲ್ಲರದ್ದು, ಸಂಪರ್ಕ ಯಾರದ್ದು?

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ಹೋದಾಗಲೆಲ್ಲ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಹದಿನಾರು ಮುಖದ ಚಾವಡಿಯಲ್ಲಿ ಸ್ವಲ್ಪ ಹೊತ್ತು ಕೂತೇ ಬರೋದು ನನ್ನ ಅಭ್ಯಾಸ. ಇಲ್ಲಿನ ನಾಯಕನೊಬ್ಬ ತನ್ನ ಹದಿನಾರು ಅಳಿಯಂದಿರು ಸರಿಸಮನಾಗಿ ಕೂರಲಿ ಅಂತ ಕಟ್ಟಿಸಿದ್ದಂತೆ. ಅಳಿಯಂದಿರ ವಿಷಯದಲ್ಲಿ ನಮ್ಮವರು ಯಾವತ್ತೂ ಹುಷಾರು!

ಈ ಸಲ ನಾದಿನಿಯೂ ಇದ್ದಳು. ಆ ಕಡೆಯದೇ ಒಂದು ಪುಟ್ಟ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಶನಿವಾರವಾದ್ದರಿಂದ ಬೆಳಗಿನ ಶಾಲೆ ಮುಗಿಸಿ ಬಂದಿದ್ದಳು. ಫೋನ್ ನೋಡಿ, "ಅತ್ತಿಗೆ, ಇವತ್ತಿನ ಡೇಟಾ ಆಗ್ಲೇ ಖಾಲಿ" ಅಂದಳು. ಮಕ್ಕಳಿಗೆ ವಿಡಿಯೊ ಪಾಠ ತೋರಿಸೋದು, ಹಾಜರಾತಿ, ಬಿಸಿಯೂಟದ ಲೆಕ್ಕ ಎಲ್ಲ ಅವಳ ಫೋನಿನಲ್ಲೇ, ಅವಳ ದುಡ್ಡಿನಲ್ಲೇ.

"ಶಾಲೆಗೆ ಅನುದಾನ ಬರಲ್ವಾ?"

"ಬರುತ್ತೆ, ತಲೆ ಲೆಕ್ಕದಲ್ಲಿ. ನಮ್ಮಲ್ಲಿರೋದು ಇಪ್ಪತ್ತೆರಡು ಮಕ್ಕಳು."

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 250 ದಾಟಿದರೆ 75,000. ಕಲಿಕಾ ಸಾಮಗ್ರಿ, ಸ್ವಚ್ಛತೆ, ರಿಪೇರಿ, ಇಂಟರ್‌ನೆಟ್ ಎಲ್ಲ ಅದರಲ್ಲೇ ಆಗಬೇಕು. ಮಕ್ಕಳು ಹೆಚ್ಚಿದ್ದರೆ ಪುಸ್ತಕ, ಸೀಮೆಸುಣ್ಣ ಹೆಚ್ಚು ಬೇಕು, ಒಪ್ಪೋಣ. ಆದರೆ ಇಂಟರ್‌ನೆಟ್ ಬಿಲ್ಲು ತಲೆ ಎಣಿಸುತ್ತದೆಯೇ? ತಿಂಗಳಿಗೆ ಐನೂರು ಅಂತಿಟ್ಟುಕೊಂಡರೂ ವರ್ಷಕ್ಕೆ ಆರು ಸಾವಿರ. ಸಣ್ಣ ಶಾಲೆಯ ಅರ್ಧಕ್ಕಿಂತ ಹೆಚ್ಚು ಹಣ ಅಲ್ಲಿಗೇ ಹೋಯ್ತು. ದೊಡ್ಡ ಶಾಲೆಗೆ ಅದು ಲೆಕ್ಕಕ್ಕೇ ಇಲ್ಲ.

ದುಡ್ಡೇ ಇಲ್ಲ ಅನ್ನೋ ಹಾಗೂ ಇಲ್ಲ. ಹಳ್ಳಿಗಳಿಗೂ ದೂರಸಂಪರ್ಕ ಸಿಗಲಿ ಅಂತಲೇ 2002ರಲ್ಲಿ ಒಂದು ನಿಧಿ ಶುರುವಾಯಿತು. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಅದಕ್ಕೆ ಕಟ್ಟುತ್ತವೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೊಸ ಹೆಸರು. ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಭಾರತ್‌ನೆಟ್‌ಗೂ ಹಣ ಇದರದ್ದೇ. ಕಂಪನಿಗಳು ಕಟ್ಟುವುದು ಕೊನೆಗೆ ನಮ್ಮ ರೀಚಾರ್ಜ್ ದುಡ್ಡನ್ನೇ ತಾನೆ? ಕೂಲಿಗೆ ಹೋಗೋ ತಾಯಿಯೂ ಅದರಲ್ಲಿ ಪಾಲು ಹಾಕಿದ್ದಾಳೆ. ಅವಳ ಮಗುವಿನ ಶಾಲೆಗೆ ಸಂಪರ್ಕ ಕೊಟ್ಟರೆ ಅದು ಯಾರ ಉಪಕಾರವೂ ಅಲ್ಲ.

2025ರ ಕೇಂದ್ರ ಬಜೆಟ್ಟಿನಲ್ಲಿ ಗ್ರಾಮೀಣ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವುದಾಗಿ ಹೇಳಿದರು. ಸಂತೋಷ. ಪ್ರಾಥಮಿಕ ಶಾಲೆಗಳ ಮಾತು ಅದರಲ್ಲಿರಲಿಲ್ಲ. ಇಪ್ಪತ್ತೆರಡು ಮಕ್ಕಳಿರಲಿ, ಮುನ್ನೂರಿರಲಿ, ಒಂದು ಶಾಲೆಗೆ ಒಂದು ಸಂಪರ್ಕ, ಅದರ ತಿಂಗಳ ಬಾಡಿಗೆ ಸಮೇತ, ಆ ನಿಧಿಯಿಂದಲೇ ಸಿಗಬೇಕು ಅನ್ನೋದು ನನ್ನ ವಾದ. ನಿಮ್ಮೂರ ಶಾಲೆಯಲ್ಲಿ ಬಿಲ್ಲು ಯಾರು ಕಟ್ತಾರೆ? ಒಮ್ಮೆ ಕೇಳಿ ನೋಡಿ.

ಚಾವಡಿಯಿಂದ ಏಳುವಾಗ ನಾದಿನಿ ಅಂದಳು: "ಅತ್ತಿಗೆ, ಒಂದೈದು ನಿಮಿಷ ಹಾಟ್‌ಸ್ಪಾಟ್ ಹಾಕಿ. ಬಿಸಿಯೂಟದ ಲೆಕ್ಕ ಕಳಿಸಿಬಿಡ್ತೀನಿ."