ಹೊಸ ಮೋಟಾರೂ ವರ್ತಕರ ಔದಾರ್ಯವೂ

ದಸರೆ ದೀಪಾವಳಿಗಳು ಸಮೀಪಿಸಿದಾಗಲೂ, ಡಿಸೆಂಬರ್ ಮಾಸವು ಮುಗಿಯುತ್ತ ಬಂದಾಗಲೂ ಮೋಟಾರು ವರ್ತಕರ ಔದಾರ್ಯವು ಉಕ್ಕಿ ಹರಿಯುವುದನ್ನು ನಮ್ಮ ವಾಚಕರು ಕಂಡೇ ಇರುವರು. ಒಬ್ಬರು ಐವತ್ತು ಸಾವಿರ ರೂಪಾಯಿಗಳ ರಿಯಾಯಿತಿಯನ್ನು ಸಾರುವರು. ಇನ್ನೊಬ್ಬರು ಹಳೆಯ ಗಾಡಿಯನ್ನು ತಂದೊಪ್ಪಿಸುವವರಿಗೆ ವಿನಿಮಯದ ಬೋನಸ್ಸನ್ನೂ, ಸರ್ಕಾರಿ ನೌಕರರಿಗೆ ಪ್ರತ್ಯೇಕ ಸೋಡಿಯನ್ನೂ ಘೋಷಿಸುವರು. ಮತ್ತೊಬ್ಬರು ಅಲ್ಪ ಬಡ್ಡಿಯ ಸಾಲವನ್ನೇ ಮುಂದೊಡ್ಡುವರು. ಇಷ್ಟೆಲ್ಲವನ್ನೂ ಯಾರ ಚೀಲದಿಂದ ಕೊಡಲಾಗುತ್ತಿದೆ, ಕೊಟ್ಟದ್ದು ಬೇರೆ ದಾರಿಯಿಂದ ಹಿಂದಿರುಗುತ್ತಿದೆಯೆ ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ. ಐದು ಅಥವಾ ಏಳು ವರ್ಷಗಳ ಸಂಪಾದನೆಯ ಒಂದು ಭಾಗವನ್ನು ಒಂದೇ ಸಹಿಯಿಂದ ಒತ್ತೆಯಿಡುವ ಈ ವ್ಯವಹಾರದಲ್ಲಿ ಇಂಥ ಉದಾಸೀನವು ತಕ್ಕುದಲ್ಲ.

ಇದಕ್ಕೆ ಒಂದು ಪೂರ್ವಕಾರಣವುಂಟು. ಲೈಸೆನ್ಸ್ ವ್ಯವಸ್ಥೆಯ ದಿನಗಳಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳಿಗಾಗಿ ಗೃಹಸ್ಥರು ಹಣ ಕಟ್ಟಿ, ಹೆಸರು ಬರೆಯಿಸಿ, ವರ್ಷಗಟ್ಟಲೆ ಕಾದಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ ಗಾಡಿಯು ಹೊರಬಂದ ಬಳಿಕವೂ ಕೊಳ್ಳುವವನೇ ಕೈಜೋಡಿಸಿ ನಿಲ್ಲಬೇಕಾಗಿತ್ತು. 1993ರಲ್ಲಿ ಮೋಟಾರು ಕಾರಿನ ಉದ್ಯಮವು ಲೈಸೆನ್ಸಿನಿಂದ ಬಿಡುಗಡೆ ಹೊಂದಿದ ಮೇಲೆ ಅನೇಕ ಕಂಪೆನಿಗಳು ಬಂದವು. ಈಗ ಮಾರುವವನು ಕೊಳ್ಳುವವನನ್ನು ಅರಸುತ್ತಿದ್ದಾನೆ. ಕಾಲವು ಬದಲಾಯಿತು; ಆದರೆ ನಮ್ಮ ಮನೋಭಾವವು ಅಷ್ಟಾಗಿ ಬದಲಾಗಲಿಲ್ಲ. ವರ್ತಕನು ಏನನ್ನು ಕೊಟ್ಟರೂ ಅದನ್ನು ಅನುಗ್ರಹವೆಂದು ಸ್ವೀಕರಿಸುವ ಅಭ್ಯಾಸವು ಉಳಿದುಕೊಂಡಿದೆ.

ಮೊದಲು ತಿಳಿಯಬೇಕಾದ ಮಾತಿದು: ಬೆಲೆಯಲ್ಲಿ ಕೊಡುವ ರಿಯಾಯಿತಿಯೂ ಬಡ್ಡಿಯಲ್ಲಿ ಕೊಡುವ ರಿಯಾಯಿತಿಯೂ ಬಹುಮಟ್ಟಿಗೆ ಒಂದೇ ಬೊಕ್ಕಸದಿಂದ ಬರತಕ್ಕವು. ಬ್ಯಾಂಕು ತನ್ನ ಹಣವನ್ನು ಪೇಟೆಯ ದರಕ್ಕಿಂತ ಕಡಮೆಗೆ ಸುಮ್ಮನೆ ಕೊಡುವುದಿಲ್ಲ; ಆ ಅಂತರವನ್ನು ತಯಾರಕನೋ ವರ್ತಕನೋ ತುಂಬಿಕೊಡುತ್ತಾನೆ. ಆದುದರಿಂದಲೇ ಅಲ್ಪ ಬಡ್ಡಿ ದೊರೆತಲ್ಲಿ ನಗದು ರಿಯಾಯಿತಿ ದೊರೆಯದಿರುವುದುಂಟು. ಇವೆರಡರಲ್ಲಿ ಯಾವುದು ಮೇಲು? ಬಾಯಿಮಾತಿನಿಂದ ಇದು ಇತ್ಯರ್ಥವಾಗದು; ಲೆಕ್ಕವನ್ನೇ ಹಾಕಬೇಕು.

ಗಾಡಿಯ ಕ್ರಯವು 10 ಲಕ್ಷ ರೂಪಾಯಿ, ಕೊಳ್ಳುವವನ ಕೈಯಲ್ಲಿರುವುದು 2 ಲಕ್ಷ ಎಂದಿಟ್ಟುಕೊಳ್ಳೋಣ. ತೆರಿಗೆ ವಿಮೆಗಳನ್ನು ಸದ್ಯಕ್ಕೆ ಬದಿಗಿಡೋಣ. ಮೊದಲನೆಯ ವರ್ತಕನು ರಿಯಾಯಿತಿಯನ್ನೇನೂ ಕೊಡದೆ, ಉಳಿದ 8 ಲಕ್ಷವನ್ನು ಸೇಕಡಾ 7ರ ಬಡ್ಡಿಯಲ್ಲಿ ಐದು ವರ್ಷಗಳ ಸಾಲವಾಗಿ ಕೊಡಿಸುತ್ತಾನೆ. ತಿಂಗಳ ಕಂತು ಸುಮಾರು 15,841 ರೂಪಾಯಿ. ಎರಡನೆಯವನು ಬೆಲೆಯಲ್ಲಿ 50,000 ರೂಪಾಯಿ ಇಳಿಸುತ್ತಾನೆ. ಸಾಲವು ಏಳೂವರೆ ಲಕ್ಷ, ಬಡ್ಡಿ ಸೇಕಡಾ 9. ಇಲ್ಲಿ ಕಂತು ಸುಮಾರು 15,569 ರೂಪಾಯಿ. ಬಡ್ಡಿಯ ದರ ಹೆಚ್ಚಾಗಿದ್ದರೂ ಐದು ವರ್ಷಗಳಲ್ಲಿ ಎರಡನೆಯವನ ಬಳಿ ಕೊಂಡವನಿಗೆ ಸುಮಾರು 16,300 ರೂಪಾಯಿ ಉಳಿತಾಯವಾಗುತ್ತದೆ! ಅದೇ ರಿಯಾಯಿತಿಯು 30,000 ಮಾತ್ರವಾಗಿದ್ದರೆ ಕಂತು 15,984ಕ್ಕೆ ಏರಿ, ಮೊದಲನೆಯವನ ಅಲ್ಪ ಬಡ್ಡಿಯೇ ಲಾಭಕರವಾಗುತ್ತಿತ್ತು. ಈ ಉದಾಹರಣೆಯಲ್ಲಿ ತಕ್ಕಡಿಯು ಸಮನಾಗುವುದು ಸುಮಾರು 37,000 ರೂಪಾಯಿಗಳ ರಿಯಾಯಿತಿಯಲ್ಲಿ. ಸಾಲದ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿದರೆ 23,000ದಷ್ಟು ರಿಯಾಯಿತಿಯೇ ಅಲ್ಪ ಬಡ್ಡಿಗೆ ಸರಿದೂಗುತ್ತದೆ. ಎಂದರೆ, ಬೇಗ ಸಾಲ ತೀರಿಸುವವನಿಗೆ ಬೆಲೆಯ ಇಳಿತವೂ, ಬಹುಕಾಲ ಸಾಲದಲ್ಲಿರುವವನಿಗೆ ಬಡ್ಡಿಯ ಇಳಿತವೂ ಹೆಚ್ಚು ಒದಗತಕ್ಕವು. ಸಾಲವನ್ನೇ ಮಾಡದವನಿಗೆ ಅಲ್ಪ ಬಡ್ಡಿಯ ಘೋಷಣೆಯಿಂದ ಯಾವ ಪ್ರಯೋಜನವೂ ಇಲ್ಲ. ಅವನು ನಗದು ರಿಯಾಯಿತಿಯನ್ನು ಧೈರ್ಯವಾಗಿ ಕೇಳಬೇಕು.

ಬಡ್ಡಿಯ ದರವನ್ನು ಹೇಳುವ ರೀತಿಯಲ್ಲಿಯೂ ಒಂದು ಮರ್ಮವಡಗಿದೆ. ‘ಫ್ಲಾಟ್’ ದರವೆಂಬುದರಲ್ಲಿ, ತೀರಿಸಿದ ಅಸಲಿನ ಮೇಲೆಯೂ ಕೊನೆಯ ತಿಂಗಳವರೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ. 8 ಲಕ್ಷಕ್ಕೆ ಸೇಕಡಾ 6ರ ಫ್ಲಾಟ್ ದರವೆಂದರೆ ಐದು ವರ್ಷಕ್ಕೆ 2,40,000 ರೂಪಾಯಿ ಬಡ್ಡಿ, ತಿಂಗಳಿಗೆ 17,333 ರೂಪಾಯಿ ಕಂತು. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಎಣಿಸುವ ಕ್ರಮದಲ್ಲಿ ನೋಡಿದರೆ ಇದು ಸೇಕಡಾ ಸುಮಾರು 10.85 ಆಗುತ್ತದೆ. ಆರೆಂದು ಕೇಳಿ ಹಿಗ್ಗಿದವನು ಹತ್ತಕ್ಕೂ ಮೀರಿ ತೆರುತ್ತಾನೆ.

‘ನಿಮ್ಮಿಂದ ತಿಂಗಳಿಗೆ ಎಷ್ಟು ಕಟ್ಟಲಾದೀತು?’ ಎಂಬುದು ಷೋರೂಮಿನಲ್ಲಿ ಬಹು ವಿನಯದಿಂದ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವನು ತನ್ನ ಕೈಯ ಆಯುಧವನ್ನೇ ಒಪ್ಪಿಸಿದಂತೆ. ಅವಧಿಯನ್ನು ಹಿಗ್ಗಿಸಿದರೆ ಯಾವ ಕಂತನ್ನಾದರೂ ತಗ್ಗಿಸಬಹುದಷ್ಟೆ! ಸೇಕಡಾ 9ರಲ್ಲಿ 8 ಲಕ್ಷದ ಸಾಲಕ್ಕೆ ಐದು ವರ್ಷದ ಕಂತು 16,607. ಏಳು ವರ್ಷಕ್ಕೆ 12,871. ತಿಂಗಳಿಗೆ ಮೂರೂ ಮುಕ್ಕಾಲು ಸಾವಿರದ ಹಗುರವೇನೋ ಆಯಿತು. ಆದರೆ ಒಟ್ಟು ಬಡ್ಡಿಯು ಸುಮಾರು 84,800 ರೂಪಾಯಿ ಹೆಚ್ಚಿತು. ಜಾಹೀರಾತಿನ ರಿಯಾಯಿತಿಯೆಲ್ಲವೂ ಇಲ್ಲಿಯೇ ಕರಗಿಹೋಗಿ ಮೇಲೆ ಇನ್ನಷ್ಟು ತೆತ್ತಂತಾಯಿತು.

ಇನ್ನು ಬಿಲ್ಲಿನ ಬಾಲಂಗೋಚಿಗಳು. ನಗದಿಗೆ ಬದಲಾಗಿ ಅಲಂಕಾರ ಸಾಮಗ್ರಿಗಳನ್ನು ಕೊಟ್ಟು ಅವುಗಳ ಬೆಲೆಯನ್ನು ವರ್ತಕನೇ ಕಟ್ಟುವುದುಂಟು; ‘ಹ್ಯಾಂಡ್ಲಿಂಗ್’ ವೆಚ್ಚವೆಂದು ಸಾವಿರಾರು ರೂಪಾಯಿ ಸೇರಿಸುವುದುಂಟು; ವಿನಿಮಯದ ಬೋನಸ್ಸನ್ನು ಸಾರಿ, ಹಳೆಯ ಗಾಡಿಯ ಬೆಲೆಯನ್ನು ಅಷ್ಟೇ ಇಳಿಸುವುದೂ ಉಂಟು. ವಿಮೆಯನ್ನು ಷೋರೂಮಿನಲ್ಲಿಯೇ ಮಾಡಿಸಬೇಕೆಂಬ ನಿರ್ಬಂಧವಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯು ಕಡ್ಡಾಯವಾಗಿದೆ, ನಿಜ. ಸಾಲ ಕೊಟ್ಟವರು ಗಾಡಿಯ ಸ್ವಂತ ಹಾನಿಯ ವಿಮೆಯನ್ನೂ ಅಪೇಕ್ಷಿಸುವರು. ಆದರೆ ಅವನ್ನು ಯಾವ ವಿಮಾ ಕಂಪೆನಿಯಿಂದ ಪಡೆಯಬೇಕೆಂಬುದು ಕೊಳ್ಳುವವನ ಇಚ್ಛೆಗೆ ಸೇರಿದ್ದು. ವರ್ಷಾಂತ್ಯದ ರಿಯಾಯಿತಿಗೂ ಕಾರಣವುಂಟು: ಡಿಸೆಂಬರಿನಲ್ಲಿ ಕೊಂಡ ಗಾಡಿಯು ಜನವರಿಯಲ್ಲಿ ಒಂದು ವರ್ಷ ಹಳೆಯದೆನಿಸುತ್ತದೆ, ತಯಾರಾದ ತಿಂಗಳು ವರ್ಷಗಳು ನೋಂದಣಿ ಪತ್ರದಲ್ಲಿ ನಮೂದಾಗಿ ಮುಂದೆ ಮಾರುವಾಗ ಬೆಲೆಯನ್ನು ತಗ್ಗಿಸುವುವು. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಮೂರು ವರ್ಷಕ್ಕೆ ಮಾರುವವನಿಗೆ ಉಂಟು.

ಸರ್ಕಾರವು ಬಿಟ್ಟುಕೊಟ್ಟ ತೆರಿಗೆಯನ್ನು ವರ್ತಕನ ಕೊಡುಗೆಯೆಂದು ಭ್ರಮಿಸಲೂಬಾರದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಸೇಕಡಾ 28ರಿಂದ 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಉದ್ದದೊಳಗಿದ್ದು, 1,200 ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ ಅಥವಾ 1,500 ಸಿ.ಸಿ. ಮೀರದ ಡೀಸೆಲ್ ಎಂಜಿನ್ ಉಳ್ಳ ಗಾಡಿಗಳು ಈ ವರ್ಗದವು. ಇದು ಪ್ರಜೆಗೆ ಸಲ್ಲತಕ್ಕ ಹಣ. ಇದನ್ನು ಹಬ್ಬದ ಉಡುಗೊರೆಯ ಪಟ್ಟಿಯಲ್ಲಿ ಸೇರಿಸಿ ತೋರಿಸಿದರೆ ಒಪ್ಪಕೂಡದು.

ಹಾಗಾದರೆ ಮಾಡತಕ್ಕುದೇನು? ಮೊದಲು ಗಾಡಿಯ ಬೆಲೆಯನ್ನು, ಸಾಲದ ಸುದ್ದಿಯನ್ನೆತ್ತದೆ, ಗೊತ್ತುಪಡಿಸಿಕೊಳ್ಳಬೇಕು. ತೆರಿಗೆ, ವಿಮೆ, ನೋಂದಣಿಗಳೆಲ್ಲ ಸೇರಿದ ‘ಆನ್ ರೋಡ್’ ಬೆಲೆಯನ್ನು ಬಾಬುವಾರು ಬರೆಯಿಸಿಕೊಳ್ಳಬೇಕು. ಹಳೆಯ ಗಾಡಿಯ ಬೆಲೆಯನ್ನು ಹೊರಗೆ ವಿಚಾರಿಸಬೇಕು. ಸಾಲದ ದರವನ್ನು ತನ್ನ ಬ್ಯಾಂಕಿನಲ್ಲಿಯೇ ಮೊದಲು ತಿಳಿದು, ಆಮೇಲೆ ವರ್ತಕನ ಸಾಲವನ್ನು ಅದರೊಡನೆ ತೂಗಬೇಕು. ಸಾಲ ಕೊಡಿಸುವ ವರ್ತಕನಿಗೆ ಸಾಲ ಕೊಡುವವರಿಂದ ದಳ್ಳಾಳಿ ದೊರೆಯುವುದುಂಟೆಂಬುದನ್ನು ಮರೆಯಬಾರದು. ಕೊನೆಗೆ, ಮುಂಗಡ, ಎಲ್ಲ ಕಂತುಗಳು, ಎಲ್ಲ ಶುಲ್ಕಗಳು ಸೇರಿ ಕೈಬಿಡುವ ಒಟ್ಟು ಮೊಬಲಗೆಷ್ಟು ಎಂಬ ಒಂದೇ ಸಂಖ್ಯೆಯನ್ನು ಮುಂದಿಟ್ಟುಕೊಂಡು ನಿರ್ಧರಿಸಬೇಕು.

ಇದಕ್ಕೆ ರಿಸರ್ವ್ ಬ್ಯಾಂಕು ಒಂದು ಸಾಧನವನ್ನು ಕೊಟ್ಟಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸಿನ ಕಂಪೆನಿಗಳೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಲೇಬೇಕು. ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವು ಅದರಲ್ಲಿರತಕ್ಕದ್ದು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡಕೂಡದು. 2013ರಲ್ಲಿಯೇ ಅದೇ ಬ್ಯಾಂಕು, ಶೂನ್ಯ ಬಡ್ಡಿಯೆಂಬುದು ಇಲ್ಲವೇ ಇಲ್ಲವೆಂದೂ, ಬೆಲೆಯಲ್ಲಿ ಸೋಡಿಯಿದ್ದರೆ ಅದನ್ನು ಬಡ್ಡಿಯಲ್ಲಿ ಮರೆಸದೆ ಸಾಲದ ಮೊತ್ತದಲ್ಲಿಯೇ ಕಳೆಯಬೇಕೆಂದೂ ಬ್ಯಾಂಕುಗಳಿಗೆ ತಿಳಿಸಿತ್ತು. ತತ್ತ್ವವು ಸ್ಪಷ್ಟವಾಗಿಯೇ ಇದೆ.

ಆದರೆ ಪತ್ರವು ಕೈಸೇರುವುದು ಮನಸ್ಸು ಸೋತ ಮೇಲೆ. ಮನೆಯವರೆಲ್ಲ ಬಣ್ಣವನ್ನಾರಿಸಿ, ಪೂಜೆಯ ದಿನವನ್ನು ಗೊತ್ತುಮಾಡಿದ ಬಳಿಕ ಸಣ್ಣಕ್ಷರಗಳನ್ನು ಓದುವವರಾರು? ಅಮೆರಿಕದಲ್ಲಿ 1968ರ ಕಾಯಿದೆಯ ಫಲವಾಗಿ, ಜಾಹೀರಾತಿನಲ್ಲಿ ಕಂತಿನ ಮೊತ್ತವನ್ನು ಹೇಳುವವನು ಮುಂಗಡ, ಮರುಪಾವತಿಯ ಕ್ರಮ, ವಾರ್ಷಿಕ ದರಗಳನ್ನೂ ಹೇಳಬೇಕಾಗಿದೆ. ನಮ್ಮಲ್ಲಿಯೂ ಕಂತನ್ನು ದೊಡ್ಡಕ್ಷರದಲ್ಲಿ ಸಾರುವವರು ಒಟ್ಟು ಪಾವತಿಯನ್ನು ಅಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದೂ, ಸಾಲ ವಿಮೆಗಳಿಂದ ತಮಗೆ ದೊರೆಯುವ ದಳ್ಳಾಳಿಯನ್ನು ವರ್ತಕರು ಬರೆದು ತಿಳಿಸಬೇಕೆಂದೂ ವಿಧಿಸುವುದು ಸರ್ಕಾರಕ್ಕೆ ಕಠಿನವಲ್ಲ. ಪ್ರಾಮಾಣಿಕ ವರ್ತಕರಿಗೆ ಇದರಿಂದ ಹಾನಿಯೂ ಇಲ್ಲ.

ಮೋಟಾರು ಕೊಳ್ಳಬೇಡಿರೆಂದು ನಾವು ಹೇಳುತ್ತಿಲ್ಲ. ವೃದ್ಧ ತಂದೆತಾಯಿಗಳುಳ್ಳ, ದೂರದ ಕೆಲಸವುಳ್ಳ ಗೃಹಸ್ಥನಿಗೆ ಅದು ವಿಲಾಸವಲ್ಲ, ಅವಶ್ಯಕತೆಯೇ ಸರಿ. ಆದರೆ ಮಕ್ಕಳ ವಿದ್ಯೆಗೂ ಮನೆಯ ಕಷ್ಟಕಾಲಕ್ಕೂ ಇರಬೇಕಾದ ಹಣವು ತಿಳಿಯದ ಬಡ್ಡಿಯಾಗಿ ಸೋರಿಹೋಗುವುದನ್ನು ಕಂಡು ಸುಮ್ಮನಿರಲಾಗದು. ರಾಷ್ಟ್ರದ ಸಂಪತ್ತೆಂದರೆ ಇಂಥ ಮನೆಗಳ ಉಳಿತಾಯವೇ. ಸಹಿ ಹಾಕುವ ಮುನ್ನ ಒಂದು ರಾತ್ರಿ ಆ ಕಾಗದಗಳನ್ನು ಮನೆಗೆ ತಂದು, ಒಟ್ಟು ಮೊಬಲಗನ್ನು ತಾವೇ ಕೂಡಿ ನೋಡುವರೆಂದು ನಾವು ವಾಚಕರಿಂದ ನಿರೀಕ್ಷಿಸುತ್ತೇವೆ. ಆ ಒಂದು ರಾತ್ರಿಯ ಅವಕಾಶವನ್ನು ಕೊಡದ ವರ್ತಕನ ಬಳಿ ವ್ಯಾಪಾರ ಮಾಡದಿರುವುದೇ ಲೇಸು.