ಹನ್ನೆರಡು ಸಾವಿರ ಅಶ್ವಶಕ್ತಿಯ ರೈಲು ಎಂಜಿನು

ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಉಂಟಾಗುವ ತಡೆ ಅತ್ಯಲ್ಪ. ಸಾವಿರಾರು ಟನ್ ಸರಕನ್ನು ಒಂದೇ ಎಂಜಿನು ಎಳೆಯಬಲ್ಲುದಕ್ಕೆ ಇದೇ ಕಾರಣ. ಆದರೆ ಹಿಂದಿನ ಬಂಡಿಗಳಿಗೆ ಅನುಕೂಲವಾದ ಈ ನುಣುಪೇ ಮುಂದಿನ ಎಂಜಿನಿಗೆ ತೊಡಕಾಗುತ್ತದೆ. ಎಂಜಿನು ಮುಂದೆ ಸಾಗಬೇಕಾದರೆ ಅದರ ಚಕ್ರಗಳು ಕಂಬಿಯನ್ನು ಬಿಗಿಯಾಗಿ ಹಿಡಿಯಬೇಕು. ಹಿಡಿತ ತಪ್ಪಿದರೆ ಚಕ್ರಗಳು ನಿಂತಲ್ಲಿಯೇ ತಿರುಗುತ್ತವೆ, ಗಾಡಿ ಕದಲುವುದಿಲ್ಲ.

ದಾರಿ ಏರಾದಾಗ ಈ ತೊಡಕು ಇನ್ನೂ ಹೆಚ್ಚುತ್ತದೆ. ನೂರು ಮೀಟರಿಗೆ ಒಂದು ಮೀಟರಿನಂತೆ ಏರುವ ದಾರಿಯಲ್ಲಿ 4,000 ಟನ್ ತೂಕದ ಗೂಡ್ಸ್ ಗಾಡಿಯನ್ನು ಭೂಮಿಯ ಆಕರ್ಷಣೆಯು 40 ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಅಂತಹ ಗಾಡಿ ಏರಿನ ನಡುವೆ ನಿಂತುಬಿಟ್ಟರೆ ಅದರ ಹಿಂದಿನ ಗಾಡಿಗಳೆಲ್ಲವೂ ನಿಲ್ಲಬೇಕು. ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು, ರೈತನಿಗೆ ಗೊಬ್ಬರ, ಪಟ್ಟಣಕ್ಕೆ ಅಕ್ಕಿ, ಇವೆಲ್ಲ ದಾರಿಯಲ್ಲಿಯೇ ಉಳಿಯುತ್ತವೆ. ಆದ್ದರಿಂದ ಬಲಶಾಲಿಯಾದ ಎಂಜಿನು ಎಂಬುದು ಕೇವಲ ತಂತ್ರಜ್ಞರ ಹೆಮ್ಮೆಯ ವಿಷಯವಲ್ಲ; ಎಲ್ಲರ ನಿತ್ಯಜೀವನಕ್ಕೂ ಅದು ಸಂಬಂಧಿಸಿದೆ.

ಉಗಿ ಎಂಜಿನು ತನಗೆ ಬೇಕಾದ ಕಲ್ಲಿದ್ದಲನ್ನೂ ನೀರನ್ನೂ ತಾನೇ ಹೊರಬೇಕಾಗಿತ್ತು. ಅದರ ಶಕ್ತಿ ಬಾಯ್ಲರಿನ ಗಾತ್ರವನ್ನು ಮೀರುವಂತಿರಲಿಲ್ಲ. ವಿದ್ಯುತ್ ಎಂಜಿನಾದರೋ ಶಕ್ತಿಯನ್ನು ಹೊರಗಿನ ತಂತಿಯಿಂದ ಪಡೆಯುತ್ತದೆ. ನಮ್ಮ ದೇಶದಲ್ಲಿ ಮೊದಲ ವಿದ್ಯುತ್ ರೈಲು ಓಡಿದುದು 1925ರ ಫೆಬ್ರವರಿ 3ರಂದು, ಮುಂಬಯಿಯಿಂದ ಕುರ್ಲಾಕ್ಕೆ. ಬಳಿಕ ಭೋರ್ ಘಾಟಿಗೂ ಥಳ್ ಘಾಟಿಗೂ ವಿದ್ಯುತ್ತು ಬಂದಿತು. ಅಲ್ಲಿನ ಏರು ಮೂವತ್ತೇಳಕ್ಕೆ ಒಂದು. ಆ ಘಾಟಿಗಳಲ್ಲಿ ಸರಕು ಎಳೆಯಲು 1928ರಿಂದ ಬಂದ ಎಂಜಿನುಗಳಿಗೆ ಜನರು ಪ್ರೀತಿಯಿಂದ ‘ಖೇಕಡಾ’, ಎಂದರೆ ಏಡಿ, ಎಂದು ಹೆಸರಿಟ್ಟರು.

ಆ ತಂತಿಯಲ್ಲಿ ಹರಿಯುತ್ತಿದ್ದುದು 1,500 ವೋಲ್ಟಿನ ಏಕಮುಖ ವಿದ್ಯುತ್ತು. ಈಗ ಒಂದು ಲೆಕ್ಕ ಮಾಡೋಣ. 12,000 ಅಶ್ವಶಕ್ತಿ ಎಂದರೆ ಸುಮಾರು 9,000 ಕಿಲೊವಾಟ್. ಇಷ್ಟನ್ನು 1,500 ವೋಲ್ಟಿನಲ್ಲಿ ಪಡೆಯಬೇಕಾದರೆ ತಂತಿಯಲ್ಲಿ 6,000 ಆಂಪಿಯರ್ ಹರಿಯಬೇಕು. ಅದನ್ನು ತಾಳಲು ತಂತಿಗಳು ಬಹಳ ದಪ್ಪವಾಗಿರಬೇಕು. ವೋಲ್ಟೇಜನ್ನು 25,000ಕ್ಕೆ ಏರಿಸಿದರೆ 360 ಆಂಪಿಯರ್ ಸಾಕು! 1950ರ ದಶಕದ ಕೊನೆಯಲ್ಲಿ ಭಾರತೀಯ ರೈಲ್ವೆಯು 25,000 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಆರಿಸಿಕೊಂಡುದರ ಫಲವನ್ನು ನಾವು ಈಗಲೂ ಅನುಭವಿಸುತ್ತಿದ್ದೇವೆ. 1963ರಲ್ಲಿ ಚಿತ್ತರಂಜನ್ ಕಾರ್ಖಾನೆಯು ಪರ್ಯಾಯ ವಿದ್ಯುತ್ತಿನ ತನ್ನ ಮೊದಲ ಎಂಜಿನನ್ನು ಹೊರತಂದಿತು.

ಶಕ್ತಿಯೇನೋ ಬಂದಿತು, ಹಿಡಿತದ ಗತಿಯೇನು? ಹಳೆಯ ಎಂಜಿನುಗಳ ಏಕಮುಖ ಮೋಟಾರುಗಳಲ್ಲಿ ಒಂದು ದೋಷವಿತ್ತು. ಮಳೆಯಿಂದ ತೊಯ್ದ ಕಂಬಿಯ ಮೇಲೆ ಚಕ್ರ ಒಮ್ಮೆ ಜಾರಿತೆಂದರೆ ಮೋಟಾರು ಅದನ್ನು ತಡೆಯುವುದಕ್ಕೆ ಬದಲಾಗಿ ಇನ್ನೂ ವೇಗವಾಗಿ ತಿರುಗಿಸುತ್ತಿತ್ತು. ಕಂಬಿಯ ಮೇಲೆ ಮರಳು ಉದುರಿಸುವುದು ಇದಕ್ಕೆ ಹಳೆಯ ಉಪಾಯ. ಇಂದಿಗೂ ಅದು ಬಳಕೆಯಲ್ಲಿದೆ.

ನಿಜವಾದ ಪರಿಹಾರ ದೊರೆತುದು ಮೂರು ಹಂತದ ಪರ್ಯಾಯ ವಿದ್ಯುತ್ತಿನ ಮೋಟಾರಿನಿಂದ. ಇದರೊಳಗೆ ಕಾಂತಕ್ಷೇತ್ರವೊಂದು ಸುತ್ತುತ್ತಿರುತ್ತದೆ. ನಡುವಿನ ತಿರುಗುಭಾಗವು ಅದಕ್ಕಿಂತ ತುಸು ಹಿಂದಾಗಿ ಅದನ್ನು ಹಿಂಬಾಲಿಸುತ್ತದೆ. ಚಕ್ರ ಜಾರಿ ಆ ಭಾಗದ ವೇಗ ಹೆಚ್ಚಿದೊಡನೆ, ಅದು ಕ್ಷೇತ್ರದ ವೇಗವನ್ನು ಸಮೀಪಿಸಿ, ಬಲವು ತಾನಾಗಿಯೇ ಕುಗ್ಗುತ್ತದೆ. ಜಾರುವಿಕೆಗೆ ಮೋಟಾರೇ ಕಡಿವಾಣ ಹಾಕಿದಂತಾಯಿತು. ಆದರೆ ಇಂತಹ ಮೋಟಾರಿನ ವೇಗವನ್ನು ಬದಲಿಸಬೇಕಾದರೆ ವಿದ್ಯುತ್ತಿನ ಆವರ್ತಾಂಕವನ್ನೇ ಬದಲಿಸುತ್ತಿರಬೇಕು. ಅರೆವಾಹಕಗಳಿಂದ ಮಾಡಿದ ಪರಿವರ್ತಕಗಳು ಬರುವವರೆಗೆ ಎಂಜಿನಿನೊಳಗೆ ಇದು ಸುಲಭಸಾಧ್ಯವಾಗಿರಲಿಲ್ಲ. ಈ ಬಗೆಯ 6,000 ಅಶ್ವಶಕ್ತಿಯ ‘ಡಬ್ಲ್ಯು.ಎ.ಜಿ.-9’ ಎಂಜಿನು 1996ರಲ್ಲಿ ವಿದೇಶದಿಂದ ನಮಗೆ ಬಂದಿತು. 1998ರಲ್ಲಿ ಚಿತ್ತರಂಜನ್ನಿನಲ್ಲಿಯೇ ತಯಾರಾಯಿತು. ಇಳಿಜಾರಿನಲ್ಲಿ ಇದರ ಮೋಟಾರುಗಳು ಉತ್ಪಾದಕಗಳಾಗಿ ಗಾಡಿಯನ್ನು ತಡೆಯುತ್ತವೆ, ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ.

ಬಿಹಾರದ ಮಧೇಪುರಾದಲ್ಲಿ ತಯಾರಾದ ‘ಡಬ್ಲ್ಯು.ಎ.ಜಿ.-12’ 2020ರ ಮೇ ತಿಂಗಳಿನಲ್ಲಿ ಸರಕು ಸಾಗಣೆಗೆ ಇಳಿಯಿತು. ಇದರ ಶಕ್ತಿ 12,000 ಅಶ್ವಶಕ್ತಿ. ಜೋಡಿಸಿದ ಎರಡು ಭಾಗಗಳ ಒಟ್ಟು ತೂಕ 180 ಟನ್. ಎಳೆಯುವ ಬಲ 706 ಕಿಲೊನ್ಯೂಟನ್, ಅಂದರೆ ಸುಮಾರು 72 ಟನ್. ತೂಕದ ಹತ್ತರಲ್ಲಿ ನಾಲ್ಕು ಪಾಲನ್ನು ಎಳೆತವನ್ನಾಗಿ ಮಾಡುವುದು ಸಾಮಾನ್ಯ ಸಾಧನೆಯಲ್ಲ.

ಹಾಗಾದರೆ ಅಶ್ವಶಕ್ತಿ ಹೆಚ್ಚಿದುದರಿಂದ ಆದ ಲಾಭವೇನು? ಗಾಡಿಯನ್ನು ಕದಲಿಸುವುದು ತೂಕ ಮತ್ತು ಹಿಡಿತದ ಕೆಲಸ. ಕದಲಿದುದನ್ನು ವೇಗವಾಗಿ ಒಯ್ಯುವುದು ಶಕ್ತಿಯ ಕೆಲಸ. 72 ಟನ್ ಬಲದಿಂದ ಗಂಟೆಗೆ 45 ಕಿಲೊಮೀಟರ್ ವೇಗದಲ್ಲಿ ಎಳೆಯಲು ಸುಮಾರು 9,000 ಕಿಲೊವಾಟ್ ಬೇಕು. ಇದರ ಅರ್ಧ ಶಕ್ತಿಯಿದ್ದರೆ ಅಷ್ಟೇ ಬಲವು ಅರ್ಧ ವೇಗದಲ್ಲಿ ಮಾತ್ರ ದೊರೆಯುತ್ತದೆ. ಗೂಡ್ಸ್ ಗಾಡಿ ಬೇಗ ಸಾಗಿದಷ್ಟೂ ಕಂಬಿ ಬೇಗ ತೆರವಾಗಿ, ಇದ್ದ ದಾರಿಯಲ್ಲಿಯೇ ಇನ್ನಷ್ಟು ಗಾಡಿಗಳು ಓಡಬಲ್ಲವು.

ಚಕ್ರವೊಂದು ಕಂಬಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಈ ಮಹಾಯಂತ್ರಕ್ಕೆ ಇರುವುದು ಹದಿನಾರು ಚಕ್ರಗಳು. ಅಷ್ಟು ದೊಡ್ಡ ಶಕ್ತಿಯೆಲ್ಲವೂ ಕೊನೆಗೆ ಆ ಹದಿನಾರು ನಾಣ್ಯಗಳಗಲದ ಹಿಡಿತವನ್ನೇ ನೆಚ್ಚಿಕೊಂಡಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಘರ್ಷಣೆಯನ್ನು ನಾವು ಸಾಮಾನ್ಯವಾಗಿ ಯಂತ್ರದ ಶತ್ರುವೆಂದು ಭಾವಿಸುತ್ತೇವೆ. ಇಲ್ಲಿಯಾದರೋ ಅದಿಲ್ಲದೆ ಯಂತ್ರವೇ ಇಲ್ಲ.