ಚಿನ್ನದ ಬೂಟಿಗೆ ಇನ್ನೂ ಸಿಗದ ನಮ್ಮ ಕಾಲು

ಅಸರ್ ಕಳೆದು ಬಿಸಿಲು ತಗ್ಗಿದ ಮೇಲೆ ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ಹುಡುಗರ ಫುಟ್ಬಾಲ್ ನೋಡುತ್ತಾ ನಿಂತಿದ್ದೆವು. ಆಟದ ನಡುವೆ ನೀರು ಕುಡಿಯಲು ಬಂದ ಎಂಟನೇ ಕ್ಲಾಸಿನ ಹುಡುಗನೊಬ್ಬ ನಮ್ಮಲ್ಲಿ ಕೇಳಿದ: ‘ಕಾಕಾ, ಐಎಸ್‌ಎಲ್‌ನಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಗೋಲ್ಡನ್ ಬೂಟ್ ಕೊಡ್ತಾರಲ್ಲ, ಅದು ನಮ್ಮ ದೇಶದ ಯಾರಿಗೆಲ್ಲ ಸಿಕ್ಕಿದೆ?’

ಸುನಿಲ್ ಚೆಟ್ರಿಯ ಹೆಸರು ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು. ಆದರೂ ಎಲ್ಲೋ ಒಂದು ಅನುಮಾನ. ಮನೆಗೆ ಬಂದು ಪಟ್ಟಿ ತೆಗೆದು ಒಂದೊಂದೇ ವರ್ಷ ನೋಡುತ್ತಾ ಹೋದೆವು. 2014ರಿಂದ 2024-25ರವರೆಗೆ 11 ಸೀಸನ್, 11 ಬೂಟು. ಬ್ರೆಝಿಲ್‌ಗೆ ಮೂರು, ಸ್ಪೇನ್‌ಗೆ ಮೂರು, ಕೊಲಂಬಿಯಾ, ಲಿಥುವೇನಿಯಾ, ನೈಜೀರಿಯಾ, ಗ್ರೀಸ್ ಮತ್ತು ಮೊರೊಕ್ಕೊಗೆ ಒಂದೊಂದು. ಭಾರತಕ್ಕೆ ಒಂದೂ ಇಲ್ಲ!

ಇಂಡಿಯನ್ ಸೂಪರ್ ಲೀಗ್ ಹೆಸರಲ್ಲೇ ‘ಇಂಡಿಯನ್’ ಇದೆ. ಆದರೆ ಅದರ ಅತಿ ಹೆಚ್ಚು ಗೋಲುಗಳ ಪ್ರಶಸ್ತಿ ಈ ಅವಧಿಯಲ್ಲಿ ಒಬ್ಬ ಭಾರತೀಯನ ಕೈಗೂ ಬಂದಿಲ್ಲ. ಇದು ಹೇಗಾಯಿತು ಅಂತ ನೋಡಬೇಕಾದರೆ ಮೊದಲಿನಿಂದಲೇ ಶುರು ಮಾಡಬೇಕು.

ಎಂಟು ಗೋಲಿನಿಂದ ಇಪ್ಪತ್ತಮೂರಕ್ಕೆ

2014ರ ಮೊದಲ ಸೀಸನ್ ಅಕ್ಟೋಬರ್‌ನಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿದಿತ್ತು. ಅಷ್ಟು ಸಣ್ಣ ಲೀಗಿನಲ್ಲಿ ಚೆನ್ನೈಯಿನ್ ತಂಡದ ಎಲಾನೊ 8 ಗೋಲು ಹೊಡೆದು ಮೊದಲ ಬೂಟು ಪಡೆದರು. ಬ್ರೆಝಿಲ್ ರಾಷ್ಟ್ರೀಯ ತಂಡದಲ್ಲಿ ಆಡಿದ್ದ ಎಲಾನೊ ಸ್ಟ್ರೈಕರೇ ಅಲ್ಲ, ಮಿಡ್‌ಫೀಲ್ಡರ್! ಆ ವರ್ಷದ ಫೈನಲ್‌ನಲ್ಲಿ ಕೋಲ್ಕತಾಗೆ ಕಪ್ ತಂದುಕೊಟ್ಟ ಏಕೈಕ ಗೋಲು ಮಾತ್ರ ನಮ್ಮವನದ್ದೇ. ಬಂಗಾಳದ ಮುಹಮ್ಮದ್ ರಫೀಕ್ ಕೊನೆಯ ಗಳಿಗೆಯಲ್ಲಿ ತಲೆ ಕೊಟ್ಟು ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳ ಹೃದಯ ಒಡೆದಿದ್ದರು. ನಮ್ಮ ಕರಾವಳಿಯಲ್ಲೂ ಆ ರಾತ್ರಿ ಎಷ್ಟೋ ಮನೆಗಳ ಟಿವಿ ಬೇಗ ಬಂದ್ ಆಗಿತ್ತು ಬಿಡಿ.

2015ರಲ್ಲಿ ಚೆನ್ನೈಯಿನ್‌ನ ಕೊಲಂಬಿಯಾ ಆಟಗಾರ ಮೆಂಡೋಝಾ 13, 2016ರಲ್ಲಿ ಡೆಲ್ಲಿ ಡೈನಾಮೋಸ್‌ನ ಬ್ರೆಝಿಲಿಗ ಮಾರ್ಸೆಲಿನ್ಹೊ 10. ಆಮೇಲೆ ಬಂದವರು ಗೋವಾದ ಕೊರೊ. ಪೂರ್ತಿ ಹೆಸರು ಫೆರಾನ್ ಕೊರೊಮಿನಾಸ್, ಸ್ಪೇನ್‌ನವರು. 2017-18ರಲ್ಲಿ 18, ಮರು ವರ್ಷ 16. ಬೂಟನ್ನು ಸತತ ಎರಡು ಸಲ ಮನೆಗೊಯ್ದ ಏಕೈಕ ಆಟಗಾರ ಇವರೇ.

ಕೊರೊ ಅವರ 18ರ ದಾಖಲೆಯನ್ನು 2021-22ರಲ್ಲಿ ಸರಿಗಟ್ಟಿದವರು ಹೈದರಾಬಾದ್‌ನ ನೈಜೀರಿಯಾ ಆಟಗಾರ ಒಗ್ಬೆಚೆ. 2002ರ ವಿಶ್ವಕಪ್‌ನಲ್ಲಿ ಆಡಿದವರು. ಬೂಟು ಗೆದ್ದಾಗ ಪ್ರಾಯ 37. ಆ ಪ್ರಾಯದಲ್ಲಿ ನಾವು ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದು ಕೂರುತ್ತೇವೆ.

2023-24ರಲ್ಲಿ ಬ್ಲಾಸ್ಟರ್ಸ್‌ನ ಗ್ರೀಕ್ ಆಟಗಾರ ಡಿಯಮಾಂಟಕೋಸ್ 13 ಗೋಲು ಹೊಡೆದು ಬೂಟನ್ನು ಮೊದಲ ಬಾರಿ ಕೊಚ್ಚಿಗೆ ತಂದರು. ಇನ್ನು 2024-25ರದ್ದು ಬೇರೆಯೇ ಕಥೆ. ನಾರ್ತ್‌ಈಸ್ಟ್ ಯುನೈಟೆಡ್‌ಗೆ ಬಂದ ಮೊರೊಕ್ಕೊದ ಅಲಾಎದ್ದೀನ್ ಅಜಾರೈ ಬರೋಬ್ಬರಿ 23 ಗೋಲು ಹೊಡೆದು ಹಳೆಯ ದಾಖಲೆಯನ್ನು ಧೂಳೆಬ್ಬಿಸಿದರು. ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಕೂಡಾ ಅವರಿಗೇ ಸಿಕ್ಕಿತು.

ಮೂರು ಸಲ ಕೈ ತಪ್ಪಿದ ಕೃಷ್ಣ

ಈ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಬ್ಬರ ಕಥೆಯನ್ನೂ ಹೇಳಬೇಕು. ರಾಯ್ ಕೃಷ್ಣ. ಫಿಜಿ ದೇಶದವರು, ಆದರೆ ಮೂಲ ಭಾರತದ್ದು. ಪೂರ್ವಜರು ಇಲ್ಲಿಂದಲೇ ಕಡಲು ದಾಟಿ ಹೋದವರು. 2019-20ರಲ್ಲಿ ಕೃಷ್ಣ 15 ಗೋಲು ಹೊಡೆದರು. ಚೆನ್ನೈಯಿನ್‌ನ ವಾಲ್ಸ್ಕಿಸ್ ಕೂಡಾ 15, ಆಗ ಬ್ಲಾಸ್ಟರ್ಸ್‌ನಲ್ಲಿದ್ದ ಒಗ್ಬೆಚೆ ಕೂಡಾ 15. ಬೂಟು ಹೋದದ್ದು ಲಿಥುವೇನಿಯಾದ ವಾಲ್ಸ್ಕಿಸ್‌ಗೆ. ಮರು ವರ್ಷ ಕೃಷ್ಣ 14, ಗೋವಾದ ಅಂಗುಲೊ 14. ಬೂಟು ಅಂಗುಲೊಗೆ. 2023-24ರಲ್ಲಿ ಒಡಿಶಾ ಪರ ಕೃಷ್ಣ 13, ಡಿಯಮಾಂಟಕೋಸ್ 13. ಮತ್ತೆ ಬೂಟು ಇವರಿಗಿಲ್ಲ!

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಾದರೆ ಸಮ ಬಂದರೆ ಎಲ್ಲರಿಗೂ ಬೂಟು. 2018-19ರಲ್ಲಿ ಸಲಾಹ್, ಮಾನೆ, ಔಬಮೆಯಾಂಗ್ ಮೂವರೂ 22 ಗೋಲು ಹೊಡೆದಾಗ ಮೂವರಿಗೂ ಕೊಟ್ಟರು. ನಮ್ಮ ಲೀಗಿನಲ್ಲಿ ಹಾಗಿಲ್ಲ. ಗೋಲು ಸಮವಾದರೂ ಬೂಟು ಒಬ್ಬರಿಗೇ. ಹಾಗಾಗಿ ಮೂರು ಸಲ ಮೊದಲ ಸ್ಥಾನಕ್ಕೆ ಸಮನಾಗಿ ನಿಂತ ಕೃಷ್ಣರ ಹೆಸರು ಚರಿತ್ರೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಹದಿನಾಲ್ಕರ ಗೋಡೆ

ಈಗ ನಮ್ಮವರ ಲೆಕ್ಕಕ್ಕೆ ಬರೋಣ. 14 ಎಂಬ ಸಂಖ್ಯೆಯನ್ನು ನೆನಪಿಡಿ. ಐಎಸ್‌ಎಲ್‌ಗಿಂತ ಎಷ್ಟೋ ಮೊದಲು, 1996-97ರ ಪ್ರಥಮ ನ್ಯಾಷನಲ್ ಫುಟ್ಬಾಲ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಜೆಸಿಟಿಯ ಬೈಚುಂಗ್ ಭುಟಿಯಾ, 14 ಗೋಲು. ಆಮೇಲೆ ಬಂದ ಐ-ಲೀಗ್‌ನಲ್ಲಿ 2009-10ರಲ್ಲಿ ಭಾರತೀಯರ ಪೈಕಿ ಮೊದಲ ಸ್ಥಾನ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ತ್ರಿಕರಿಪುರದ ಮುಹಮ್ಮದ್ ರಾಫಿ ಅವರದ್ದು. ಅವರದ್ದೂ 14. ಆದರೆ ಆ ವರ್ಷ ನೈಜೀರಿಯಾದ ಒಡಾಫಾ 22 ಹೊಡೆದಿದ್ದರು. 2013-14ರಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಾಗ ಚೆಟ್ರಿ 14 ಗೋಲು ಹೊಡೆದು ಇಬ್ಬರು ವಿದೇಶಿಯರ ಜೊತೆ ಮೊದಲ ಸ್ಥಾನ ಹಂಚಿಕೊಂಡರು.

ಐಎಸ್‌ಎಲ್‌ನಲ್ಲೂ ಅದೇ ಸಂಖ್ಯೆ. ಬೆಂಗಳೂರು ತಂಡ ಈ ಲೀಗಿಗೆ ಬಂದ 2017-18ರಲ್ಲಿ ಚೆಟ್ರಿ 14. ಅದೇ ತಂಡದ ವೆನೆಝುವೆಲಾದ ಮಿಕು 15, ಕೊರೊ 18. ಮತ್ತೆ 2024-25ರಲ್ಲಿ, 40ರ ಪ್ರಾಯದಲ್ಲಿ, ಚೆಟ್ರಿ 14! ಕಂಠೀರವದಲ್ಲಿ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದೂ ಅದೇ ಸೀಸನ್‌ನಲ್ಲಿ. ಆದರೆ ಅದು ಅಜಾರೈ 23 ಹೊಡೆದ ವರ್ಷ. ಇದೇ 14 ಗೋಲು 2022-23ರಲ್ಲೋ 2023-24ರಲ್ಲೋ ಬಂದಿದ್ದರೆ ಬೂಟು ಬೆಂಗಳೂರಿಗೆ ಬರುತ್ತಿತ್ತು. ಆ ವರ್ಷಗಳಲ್ಲಿ 12 ಮತ್ತು 13 ಗೋಲಿಗೇ ಬೂಟು ಸಿಕ್ಕಿದೆ.

ಇನ್ನೊಂದು ವಿಚಿತ್ರ ನೋಡಿ. ಐಎಸ್‌ಎಲ್‌ನ ಎಲ್ಲಾ ಸೀಸನ್ ಸೇರಿಸಿದರೆ ಒಗ್ಬೆಚೆ ಅವರ 63 ಗೋಲುಗಳನ್ನು 2024-25ರಲ್ಲಿ ಹಿಂದೆ ಹಾಕಿ ಮೊದಲ ಸ್ಥಾನಕ್ಕೇರಿದವರೂ ಚೆಟ್ರಿಯೇ. ಒಟ್ಟು ಲೆಕ್ಕದಲ್ಲಿ ಮೊದಲಿಗ, ಆದರೆ ಅಷ್ಟರವರೆಗೆ ಒಂದು ಸೀಸನ್‌ನ ಬೂಟೂ ಇಲ್ಲ.

ತಪ್ಪು ಯಾರದ್ದು?

ವಿದೇಶಿ ಆಟಗಾರರನ್ನು ದೂರಿ ಪ್ರಯೋಜನವಿಲ್ಲ. ಅವರು ದುಡಿಯಲು ಬಂದವರು. ಗಲ್ಫ್‌ನಲ್ಲಿ ದುಡಿದು ಮನೆ ಕಟ್ಟಿದ ನಮಗೆ ಅದು ಅರ್ಥವಾಗದ ವಿಷಯವೇನಲ್ಲ. ಮಲಬಾರಿನ ಸೆವೆನ್ಸ್ ಮೈದಾನಗಳಲ್ಲಿ ಆಫ್ರಿಕಾದ ಹುಡುಗರನ್ನು ಜನ ಎಷ್ಟು ಪ್ರೀತಿಸುತ್ತಾರೆ ಅಂತ ‘ಸುಡಾನಿ ಫ್ರಂ ನೈಜೀರಿಯಾ’ ಸಿನಿಮಾ ನೋಡಿದವರಿಗೆ ಗೊತ್ತು.

ವಿಷಯ ಇರುವುದು ತಂಡ ಕಟ್ಟುವ ಲೆಕ್ಕದಲ್ಲಿ. 2014ರಲ್ಲಿ ಮೈದಾನದಲ್ಲಿ ಒಂದು ತಂಡದ ಪರ 6 ವಿದೇಶಿಯರು ಆಡಬಹುದಿತ್ತು. 2017-18ಕ್ಕೆ ಅದು 5 ಆಯಿತು, 2021-22ಕ್ಕೆ 4ಕ್ಕೆ ಇಳಿಯಿತು. ಆದರೆ ಸಂಖ್ಯೆ ಇಳಿದರೂ ಗೋಲು ಹೊಡೆಯುವ ಜಾಗ ಮಾತ್ರ ಹೆಚ್ಚಾಗಿ ವಿದೇಶಿಯರ ಕೈಯಲ್ಲೇ ಉಳಿಯಿತು. ಗೆದ್ದೇ ತೀರಬೇಕಾದ ಕೋಚ್ ಮೊದಲು ಹುಡುಕುವುದು ರೆಡಿಮೇಡ್ ಸ್ಟ್ರೈಕರ್‌ನನ್ನು. ನಮ್ಮ ಹುಡುಗ ಫಾರ್ವರ್ಡ್ ಆಗಿದ್ದರೂ ಅವನನ್ನು ಬದಿಗೆ, ವಿಂಗ್‌ಗೆ ಸರಿಸುತ್ತಾರೆ. ಇಲ್ಲವೇ ಬೆಂಚಿನಲ್ಲಿ ಕೂರಿಸುತ್ತಾರೆ.

ಇದರ ಬೆಲೆ ತೆತ್ತದ್ದು ದೇಶದ ತಂಡ. 2024ರ ಜೂನ್‌ನಲ್ಲಿ ಚೆಟ್ರಿ ಅಂತರ್‌ರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಆ ಇಡೀ ವರ್ಷ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ 40 ದಾಟಿದ ಅದೇ ಚೆಟ್ರಿಯನ್ನು ಮತ್ತೆ ಕರೆತರಬೇಕಾಯಿತು. ಅವರು ಬಂದು ಮಾಲ್ದೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಆದರೆ ಕೊನೆಗೆ 2027ರ ಏಷ್ಯನ್ ಕಪ್‌ಗೆ ಅರ್ಹತೆ ಸಿಗಲೇ ಇಲ್ಲ. 140 ಕೋಟಿ ಜನರ ದೇಶಕ್ಕೆ ಇನ್ನೊಬ್ಬ ಸ್ಟ್ರೈಕರ್ ಇರಲಿಲ್ಲ ಅಂದರೆ ಏನು ಹೇಳೋಣ?

ನಮ್ಮ ಮೈದಾನದ ಮಾತು

ಇದನ್ನೆಲ್ಲ ದೂರದ ದೊಡ್ಡವರ ವಿಷಯ ಅಂತ ಬಿಡುವ ಹಾಗಿಲ್ಲ. ಕಸ್ಬಾ ಬೆಂಗ್ರೆಯ ಮರಳಿನಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಚೆಂಡಿನ ಹುಚ್ಚನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಟೂರ್ನಮೆಂಟುಗಳಲ್ಲೂ ಫೈನಲ್ ಬಂತೆಂದರೆ ಏನು ಮಾಡುತ್ತೇವೆ? ಟ್ರೋಫಿಯ ಆಸೆಗೆ ಹೊರಗಿನಿಂದ ‘ಗೆಸ್ಟ್’ ಕರೆಸಿ ಮುಂದೆ ನಿಲ್ಲಿಸುತ್ತೇವೆ. ಸೀಸನ್ ಇಡೀ ಬೆವರು ಸುರಿಸಿದ ಊರಿನ ಹುಡುಗ ಜೆರ್ಸಿ ಹಾಕಿಕೊಂಡು ಗೆರೆಯ ಹೊರಗೆ ಕೂರುತ್ತಾನೆ. ಐಎಸ್‌ಎಲ್‌ನವರು ಮಾಡುವುದನ್ನೇ ನಾವು ಸಣ್ಣದಾಗಿ ಮಾಡುತ್ತಿದ್ದೇವೆ, ಅಲ್ವಾ?

ಗೋಲು ಹೊಡೆಯುವುದು ಗೋಲು ತಪ್ಪಿಸಿಕೊಂಡೇ ಕಲಿಯುವ ವಿದ್ಯೆ. ಹತ್ತು ಸಲ ಹೊರಗೆ ಹೊಡೆದವನಿಗೆ ಹನ್ನೊಂದನೇ ಸಲ ಚೆಂಡು ಕೊಡುವ ತಾಳ್ಮೆ ಯಾರಿಗಾದರೂ ಇರಬೇಕು. ಕನಿಷ್ಠ ಹದಿನಾರರ ಒಳಗಿನ ಮಕ್ಕಳ ಪಂದ್ಯಗಳಲ್ಲಾದರೂ ನಮ್ಮ ಸಂಘಟಕರು ಈ ಗೆಸ್ಟ್ ಪದ್ಧತಿಯನ್ನು ಬಿಟ್ಟು, ಸೋತರೂ ಸರಿ, ಊರಿನ ಹುಡುಗರನ್ನೇ ಮುಂದೆ ಆಡಿಸಲಿ.

ಮರುದಿನ ಮೈದಾನಕ್ಕೆ ಹೋಗಿ ಆ ಹುಡುಗನಿಗೆ ನಿಜ ಹೇಳಿದೆವು: ‘ಇಷ್ಟರವರೆಗೆ ಯಾರಿಗೂ ಸಿಕ್ಕಿಲ್ಲ ಮೋನೇ.’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: ‘ಹಾಗಾದ್ರೆ ನಾನು ಬ್ಯಾಕ್ ಆಡ್ಬೇಕಾ ಕಾಕಾ?’

ಬೇಡ, ಫಾರ್ವರ್ಡ್ ಆಡು ಅಂದೆವು. ಅವನ ಕೋಚ್‌ಗೂ ಅದನ್ನೇ ಹೇಳಿ ಬಂದಿದ್ದೇವೆ.